ಜಾವಳದಲ್ಲಿ ಕೊಟ್ಟುಬಿಟ್ಟ ಮಗ

ನಾನು ಅಂಜುಬುರುಕ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಓದುತ್ತ ಹೋದಂತೆ ನೀವೇ ಕಂಡುಹಿಡಿದು, ಏನೋ ದೊಡ್ಡ ಗುಟ್ಟು ಬಯಲಿಗೆಳೆದವರ ಹಾಗೆ ಮುಗುಳ್ನಗುತ್ತೀರಿ. ನಾನು ನಾಯಿಗೆ ಅಂಜುತ್ತೇನೆ. ನಾಯಿ ಇಲ್ಲದ ಓಣಿಗೂ ಅಂಜುತ್ತೇನೆ, ಏಕೆಂದರೆ ಅಲ್ಲಿಯ ನಾಯಿ ಎಲ್ಲಿಗೆ ಹೋಗಿರಬಹುದು ಎಂಬ ಯೋಚನೆ ಹತ್ತಿಕೊಳ್ಳುತ್ತದೆ. ಮಿರಜಿನ ಪೇಟೆಯಲ್ಲಿ ನನ್ನದೊಂದು ಜವಳಿ ಅಂಗಡಿಯಿತ್ತು. ಕುಪ್ಪಸದ ಖಣ ಕೊಳ್ಳಲು ಬಂದ ಹೆಂಗಸು ಅದನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರೆ ಸಾಕು, ಅದರಲ್ಲಿ ಏನೂ ಕೊರತೆ ಇಲ್ಲವೆಂದು ಗೊತ್ತಿದ್ದರೂ ನಾನೇ ಬೆಲೆ ಇಳಿಸಿಬಿಡುತ್ತಿದ್ದೆ. ಆದರೆ ಇವೆಲ್ಲ ಚಿಲ್ಲರೆ ಅಂಜಿಕೆಗಳು. ಅಂಜಿಕೆಯ ಸಗಟು ವ್ಯಾಪಾರ ಹೇಗಿರುತ್ತದೆ ಎಂಬುದು ನನಗೆ ತಿಳಿದದ್ದು ನಾನು ಅಪ್ಪನಾದ ಮೇಲೆ.

ನಮ್ಮ ಅಪ್ಪ ಅಂಜಿದ್ದನ್ನು ನಾನೆಂದೂ ನೋಡಿಲ್ಲ. ಅಂಜಿಸುವುದೇ ಅವರ ಕೆಲಸವಾಗಿತ್ತು. ಅವರು ಅಂಗಡಿಯಿಂದ ಬಂದು ಹೊಸ್ತಿಲ ಹೊರಗೆ ನಿಂತು ಒಮ್ಮೆ ಕೆಮ್ಮಿದರೆ ಮನೆಯೊಳಗಿನ ಮಾತು, ನಗು, ಜಗಳ ಎಲ್ಲ ತಟ್ಟನೆ ನಿಲ್ಲುತ್ತಿದ್ದವು. ನಮ್ಮವ್ವ ತಲೆಯ ಮೇಲಿನ ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು, ನಾನು ಕಂಬದ ಹಿಂದೆ ಸರಿಯುತ್ತಿದ್ದೆ. ದೊಡ್ಡವನಾಗಿ ಅಪ್ಪನಾದ ಮೇಲೆ ಒಂದು ದಿನ ನಾನೂ ಹಾಗೆಯೇ ಹೊಸ್ತಿಲಲ್ಲಿ ನಿಂತು ಕೆಮ್ಮಿ ನೋಡಿದೆ. ನನ್ನ ಹೆಂಡತಿ ನೀಲವ್ವ ಒಳಗಿನಿಂದ, "ಯಾಕ್ರಿ, ಥಂಡಿ ಆತೇನು? ಕಷಾಯ ಮಾಡ್ಲೇನು?" ಎಂದು ಕೇಳಿದಳು. ಬೇಡವೆಂದರೂ ಬಿಡದೆ ಮಾಡಿ ಕುಡಿಸಿದಳು. ಅಂದಿನಿಂದ ನಾನು ಕೆಮ್ಮು ಬಂದರೂ ತಡೆದುಕೊಂಡು ಮನೆ ಹೊಗುತ್ತಿದ್ದೆ. ನಮ್ಮ ಒಬ್ಬನೇ ಮಗ ಮಲ್ಲು ಆಗಿನ್ನೂ ಮೂರು ತುಂಬದ ಕೂಸು. ಅವನು ಸಹ ನನ್ನನ್ನು ಕಂಡರೆ ಕಂಬದ ಹಿಂದೆ ಸರಿಯುವ ಬದಲು ನನ್ನ ರುಮಾಲು ಕಿತ್ತುಕೊಂಡು ಬೆಕ್ಕಿಗೆ ಸುತ್ತುತ್ತಿದ್ದ.

ಈಗ ನಮ್ಮ ಅಣ್ಣನ ವಿಷಯ ಹೇಳಬೇಕು. ಅಣ್ಣ ಸಾಂಗ್ಲಿಯಲ್ಲಿ ಅರಿಶಿಣದ ದೊಡ್ಡ ವ್ಯಾಪಾರಿ. ನಾನು ಮತ್ತು ಅಣ್ಣ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಆದರೆ ಕಾಯ್ದೆಯಲ್ಲಿ ನಾವು ಅಣ್ಣತಮ್ಮಂದಿರಲ್ಲ. ನಾನು ಹುಟ್ಟುವುದಕ್ಕೆ ಮೊದಲೇ, ಅಣ್ಣ ಆರೇಳು ವರ್ಷದ ಹುಡುಗನಾಗಿದ್ದಾಗ, ಮಕ್ಕಳಿಲ್ಲದ ಸಾಂಗ್ಲಿಯ ದೊಡ್ಡಪ್ಪನಿಗೆ ಅಪ್ಪ ಅವರನ್ನು ದತ್ತಕ ಕೊಟ್ಟುಬಿಟ್ಟಿದ್ದರು. ಆಗ ಮನೆಯಲ್ಲಿ ಇನ್ನೊಬ್ಬ ಮಗನಿದ್ದ, ಹೀಗಾಗಿ ಕೊಡುವುದರಲ್ಲಿ ತಪ್ಪೇನಿಲ್ಲ ಎಂದು ಹಿರಿಯರೆಲ್ಲ ಹೇಳಿದರಂತೆ. ಆಮೇಲೆ ಆ ಇನ್ನೊಬ್ಬ ಮಗ ಪ್ಲೇಗಿನಲ್ಲಿ ಹೋದ. ಕೊಟ್ಟವನನ್ನು ತಿರುಗಿ ಕೇಳುವ ಹಾಗಿರಲಿಲ್ಲ. ಎಷ್ಟೋ ವರ್ಷಕ್ಕೆ ನಾನು ಹುಟ್ಟಿದೆ. ಅಣ್ಣ ಹಬ್ಬಕ್ಕೆ ನಮ್ಮ ಮನೆಗೆ ಬಂದರೆ ಅವ್ವ ಅವರಿಗೆ ಬೀಗರಿಗೆ ಬಡಿಸಿದ ಹಾಗೆ ಬಡಿಸುತ್ತಿದ್ದಳು, ಅವರು ಹೋದ ಮೇಲೆ ಅವರುಂಡ ತಾಟಿನಲ್ಲಿ ತಾನು ಉಣ್ಣುತ್ತಿದ್ದಳು. ಅಪ್ಪ ತೀರಿಕೊಂಡಾಗ ಮಣ್ಣು ಹಾಕಲು ಮೊದಲು ನನ್ನನ್ನು ಕರೆದರು; ಹಿರಿಯ ಮಗನಾದ ಅಣ್ಣ ನೆಂಟರ ಸಾಲಿನಲ್ಲಿ ನಿಂತು ತಮ್ಮ ಸರದಿ ಬರುವ ತನಕ ಕಾದರು.

ಅಣ್ಣನಿಗೂ ಮಕ್ಕಳಾಗಲಿಲ್ಲ. ಇಲ್ಲಿ ಒಂದು ಮಾತು ಹೇಳುತ್ತೇನೆ, ದೂರದ ಊರಿನವರಿಗೆ ತಿಳಿಯಲೆಂದು. ಆಗ ಸಾಂಗ್ಲಿಗೊಬ್ಬರು ರಾಜರು. ಮಿರಜಿನಲ್ಲಿ ಹಿರಿಯ ಪಾತಿ, ಕಿರಿಯ ಪಾತಿ ಎಂದು ಎರಡು ಮನೆತನ. ಇಂಥ ಸಂಸ್ಥಾನಗಳಲ್ಲಿ ದತ್ತಕ ಎಂದರೆ ಊಟ ನಿದ್ದೆಯಷ್ಟೇ ಮಾಮೂಲಿ ಮಾತು. ಸಿಂಹಾಸನಗಳೇ ದತ್ತಕದ ಮೇಲೆ ನಿಂತಿದ್ದವು. ಕಟ್ಟೆಯ ಮೇಲೆ ಕೂತ ಮುದುಕರು ಯಾವ ಅರಮನೆಯಲ್ಲಿ ಯಾರನ್ನು ಯಾರ ತೊಡೆಯ ಮೇಲೆ ಕೂಡಿಸಿದರು, ಯಾವುದು ಊರ್ಜಿತವಾಯಿತು, ಯಾವುದು ಬಿದ್ದುಹೋಯಿತು ಎಂಬುದನ್ನು ಮಳೆಬೆಳೆಯ ಸುದ್ದಿಯಂತೆ ಆಡಿಕೊಳ್ಳುತ್ತಿದ್ದರು. ಇಂಥ ಊರಿನಲ್ಲಿ ಹುಟ್ಟಿ ಬೆಳೆದವನು ಬಾಯಿಯನ್ನು ಹತೋಟಿಯಲ್ಲಿ ಇಟ್ಟುಕೊಳ್ಳಬೇಕಿತ್ತು.

ಮಲ್ಲೂನ ಜಾವಳವನ್ನು ನಮ್ಮ ಮನೆಯ ಅಂಗಳದಲ್ಲೇ ಇಟ್ಟುಕೊಂಡಿದ್ದೆವು. ನಿಮಗೆ ಗೊತ್ತಿರುವ ಹಾಗೆ ಮೊದಲ ಕೂದಲು ತೆಗೆಸುವಾಗ ಕೂಸು ಸೋದರಮಾವನ ತೊಡೆಯ ಮೇಲೆ ಕೂಡಬೇಕು. ನಮ್ಮ ಮಲ್ಲೂನ ಸೋದರಮಾವ ಶೇಡಬಾಳದಿಂದ ಬರುವವನಿದ್ದ. ರೈಲು ತಪ್ಪೀತೆಂದು ಬಹಳ ಮುಂಚೆ ಸ್ಟೇಶನ್ನಿಗೆ ಹೋಗಿ, ಅಲ್ಲಿಯ ಬೆಂಚಿನ ಮೇಲೆ ನಿದ್ದೆ ಹೋಗಿ, ರೈಲನ್ನು ತಪ್ಪಿಸಿಕೊಂಡ. ಇತ್ತ ಪೂಜೆಗೆ ಬಂದಿದ್ದ ಮಠದ ಅಯ್ಯನವರು ಹೊತ್ತು ಮೀರುತ್ತದೆ ಎನ್ನತೊಡಗಿದರು. ಕ್ಷೌರದ ಈರಪ್ಪ ಕತ್ತಿ ಮಸೆಯುತ್ತ ಕೂತಿದ್ದ. "ಯಾರರೆ ಹಿರೇರು ತೊಡಿ ಮ್ಯಾಲ ಕೂಡಿಸ್ಕೋರಿ, ಶಿವಾ ಏನೂ ಅನ್ನೂದಿಲ್ಲ" ಎಂದು ಅಯ್ಯನವರು ತೀರ್ಪು ಕೊಟ್ಟರು. ಅಲ್ಲಿ ಎಲ್ಲರಿಗಿಂತ ಹಿರಿಯರೆಂದರೆ ಅಣ್ಣ. ಅವರು ಹೊಸ ಧೋತರ ಸರಿ ಮಾಡಿಕೊಂಡು ಮಣೆಯ ಮೇಲೆ ಪದ್ಮಾಸನ ಹಾಕಿದರು.

ಮಲ್ಲು ಕತ್ತಿಯನ್ನು ನೋಡಿದ. ಅಂಜಿಕೆಯಲ್ಲಿ ಮಾತ್ರ ಅವನು ನನ್ನ ಮಗನೇ ಎಂಬುದು ಆಗ ಎಲ್ಲರಿಗೂ ಖಾತ್ರಿಯಾಯಿತು. ಅವನು ಎಬ್ಬಿಸಿದ ಬೊಬ್ಬೆಗೆ ಪಕ್ಕದ ಓಣಿಯ ಮಂದಿಯೂ ಬಂದು ನಿಂತರು. ನನ್ನ ಕೈ ಕಚ್ಚಿದ, ಈರಪ್ಪನ ಬಟ್ಟಲು ಒದ್ದ, ಎರಡು ಸಲ ತಪ್ಪಿಸಿಕೊಂಡು ಓಡಿದ. ಮೂರನೆಯ ಸಲ ನಾನು ಅವನನ್ನು ಅನಾಮತ್ತು ಎತ್ತಿ ತಂದು ಅಣ್ಣನ ತೊಡೆಯ ಮೇಲೆ ಕುಕ್ಕಿ, "ತಗೋರಿ ಅಣ್ಣಾ, ಕೊಟ್ಟೆ ನಿಮಗ! ಇವತ್ತಿನಿಂದ ಇವ ನಿಮ್ಮ ಮಗಾ! ನನ್ನ ಕೈಲೆ ಆಗೂದಿಲ್ಲ!" ಎಂದುಬಿಟ್ಟೆ.

ಮಂದಿ ಗೊಳ್ಳೆಂದು ನಕ್ಕರು. ಅಣ್ಣನೂ ನಕ್ಕು, "ಕೊಟ್ಟೀ? ತಗೊಂಡೆ ನೋಡು!" ಎಂದು, ಪಕ್ಕದ ತಾಟಿನಲ್ಲಿದ್ದ ಸಕ್ಕರೆಯನ್ನು ಚಿಟಿಕೆಯಲ್ಲಿ ತೆಗೆದು ಹುಡುಗನ ಬಾಯಿಗೆ ಹಾಕಿದರು. ಹುಡುಗ ಬಾಯಿ ಮುಚ್ಚಿದ. ಅದೇ ಗಳಿಗೆಗೆ ಅಯ್ಯನವರು ಅಭ್ಯಾಸಬಲದಿಂದ ಇಬ್ಬರ ಹಣೆಗೂ ವಿಭೂತಿ ಹಚ್ಚಿ, ಅಣ್ಣನನ್ನು ನೋಡಿ, "ಪುತ್ರವಂತನಾಗಪ್ಪಾ" ಎಂದು ಹರಸಿದರು. ಹೆಂಗಸರ ನಡುವೆ ಕೂತಿದ್ದ ಸಾಂಗ್ಲಿಯ ವೈನಿ, ಅಂದರೆ ಅಣ್ಣನ ಹೆಂಡತಿ, ಸೆರಗಿನಿಂದ ಕಣ್ಣು ಒರೆಸಿಕೊಂಡರು. ಒಲೆಯ ಹೊಗೆ ಆ ಕಡೆಗೇ ಹೋಗುತ್ತಿತ್ತು, ಹೊಗೆಗೆ ಇರಬೇಕು ಅಂದುಕೊಂಡೆ.

ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ನಮ್ಮ ಓಣಿಯ ವಕೀಲರು ಕೂತಿದ್ದರು. ಮನೆಮಾತು ಮರಾಠಿ, ಆದರೆ ಹೋಳಿಗೆಯಿದ್ದಲ್ಲಿ ಕನ್ನಡ ಚೆನ್ನಾಗಿ ಬರುತ್ತಿತ್ತು. ಎರಡನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ವಾ ಶಂಕರರಾವ! ಅಭಿನಂದನ! ಜಾವಳದ ಖರ್ಚಿನಾಗ ದತ್ತಕನೂ ಮುಗಿಸಿಬಿಟ್ರಿ!" ಎಂದರು.

"ಯಾರ ದತ್ತಕರಿ?" ಎಂದೆ.

"ಅಹೋ, ನಿಮ್ಮ ಮಗಂದು! ನಾ ಬ್ರಾಹ್ಮಣ. ನಾ ಮಗನ್ನ ಕೊಡಬೇಕಂದ್ರ ಹೋಮ ಆಗಬೇಕು, ಭಟ್ಟ ಬೇಕು, ತುಪ್ಪ ಬೇಕು. ನಿಮ್ಮ ಲಿಂಗಾಯತ ಮಂದಿಗೆ, ಜೈನ ಮಂದಿಗೆ ಅದ್ಯಾವದೂ ಬೇಕಾಗಿಲ್ಲ. ಕೊಟ್ಟೆ ಅಂತ ಅಪ್ಪ ಅಂದು ತೊಡಿ ಮ್ಯಾಲ ಕೂಡ್ಸಿದ, ತಗೊಂಡೆ ಅಂತ ಅವರಂದ್ರು, ಸಕ್ಕರಿ ಬಾಯಿಗೆ ಬಿತ್ತು, ಝಾಲಂ! ಆತು! ಇಷ್ಟು ಮಂದಿ ಸಾಕ್ಷಿ ಅದಾರ, ಯಾವ ಕೋರ್ಟಿನಾಗೂ ಅಳ್ಳಾಡಂಗಿಲ್ಲ."

ಮುರಿದ ಹೋಳಿಗೆಯನ್ನು ತಿರುಗಿ ತಾಟಿನಲ್ಲಿಟ್ಟೆ. ನೀರು ಕುಡಿದು, "ಹುಡುಗನ ತಾಯಿ ಹೂಂ ಅಂದಿಲ್ಲಲ್ರಿ" ಎಂದೆ.

"ತಾಯಿ ಹೂಂ ಅನ್ನೂದು ಕಾಯ್ದೆದಾಗ ಬೇಕಾಗಿಲ್ಲ. ಮಗನ್ನ ಕೊಡೂ ಅಧಿಕಾರ ಅಪ್ಪಂದು. ಪೂರ್ಣ ಅಧಿಕಾರ."

"ಕೊಟ್ಟಾಂವ ತಿರುಗಿ ತಗೊಳ್ಳಬೇಕಂದ್ರ?"

"ಹಂಗ ಬರೂದಿಲ್ಲ. ಕೊಟ್ಟದ್ದು ಕೊಟ್ಟಂಗ" ಎಂದು ಅವರು ನಿಶ್ಚಿಂತೆಯಿಂದ ಮೂರನೆಯ ಹೋಳಿಗೆಗೆ ಕೈ ಹಾಕಿದರು.

ಪೂರ್ಣ ಅಧಿಕಾರ! ಸ್ವಲ್ಪ ಯೋಚಿಸಿ ನೋಡಿ. ನನ್ನ ಮನೆಯಲ್ಲಿ ಯಾವ ಪಲ್ಯ ಮಾಡಬೇಕೆಂದು ಹೇಳುವ ಅಧಿಕಾರ ನನಗಿರಲಿಲ್ಲ. ಒಮ್ಮೆ ಕೇಳದೆ ಬದನೆಕಾಯಿ ತಂದುಬಿಟ್ಟು ಅದನ್ನು ವಾಪಸು ಕೊಟ್ಟು ಬಂದವನು ನಾನು. ಅಂಥ ನನ್ನ ಕೈಯಲ್ಲಿ, ನನಗೆ ತಿಳಿಯದ ಹಾಗೆ, ಕಾಯ್ದೆ ಎಂಬುದು ಇಂಥ ಕತ್ತಿಯನ್ನು ಇಟ್ಟಿತ್ತು. ಹೆತ್ತವಳನ್ನು ಒಂದು ಮಾತೂ ಕೇಳದೆ ಮಗನನ್ನು ಎತ್ತಿ ಯಾರಿಗೆ ಬೇಕಾದರೂ ಕೊಡಬಹುದಿತ್ತಂತೆ. ಬದನೆಕಾಯಿಯನ್ನು ತಿರುಗಿಸಬಹುದು, ಮಗನನ್ನು ತಿರುಗಿಸಿಕೊಳ್ಳಲಾಗದು. ಆ ದಿನ ನಾನು ಮೊದಲ ಸಲ ನನಗೇ ಅಂಜಿದೆ.

ವಕೀಲರನ್ನು ಮತ್ತೊಮ್ಮೆ ಹಾದಿಯಲ್ಲಿ ಹಿಡಿದು, ಜಾವಳವಾದದ್ದು ಮಿರಜಿನಲ್ಲಿ, ಅಣ್ಣ ಇರುವುದು ಸಾಂಗ್ಲಿಯಲ್ಲಿ, ರಾಜ್ಯವೇ ಬೇರೆಯಲ್ಲವೇ, ಅದರಿಂದೇನಾದರೂ ಆಸರೆ ಸಿಕ್ಕೀತೇ ಎಂದು ಕೇಳಿದೆ. ಅವರು ಗಂಭೀರವಾಗಿ ತಲೆಯಾಡಿಸಿ, ಹಾಗಿದ್ದರೆ ಎರಡು ದರಬಾರಿನಲ್ಲಿ ಎರಡು ಖಟ್ಲೆ ನಡೆಯುತ್ತವೆ, ನಡುವೆ ರೈಲು ಹಳಿಯ ಮೇಲೆ ಇಂಗ್ರೇಜರ ಕಾಯ್ದೆ ಇರುವುದರಿಂದ ಹುಡುಗನನ್ನು ರೈಲಿನಲ್ಲಿ ಮಾತ್ರ ಕರೆದೊಯ್ಯಬೇಡಿ, ಮೂರನೆಯ ಖಟ್ಲೆಯಾದೀತು ಎಂದರು. ನಾನು ಆಮೇಲೆ ಸ್ಟೇಶನ್ನಿನ ದಾರಿಯನ್ನೇ ಬಿಟ್ಟುಬಿಟ್ಟೆ.

ನೀಲವ್ವನಿಗೆ ಇದನ್ನು ಹೇಳುವ ಧೈರ್ಯ ಎಲ್ಲಿಂದ ಬರಬೇಕು? ನಿನ್ನ ಮಗನನ್ನು ನಾನು ಬಾಯಿತಪ್ಪಿ ಕೊಟ್ಟುಬಿಟ್ಟೆ ಎಂಬುದನ್ನು, ಇವತ್ತಿನ ಸಾರು ರುಚಿಯಾಗಿದೆ ಎಂದಷ್ಟು ಸಲೀಸಾಗಿ ಹೇಳಲು ಬರುತ್ತದೆಯೇ? ಸುಮ್ಮನಿದ್ದೆ. ಸುಮ್ಮನಿದ್ದಷ್ಟೂ ಅಂಜಿಕೆ ಬಲಿಯಿತು. ಸಾಂಗ್ಲಿಯಿಂದ ಮಲ್ಲೂಗೆ ಜರಿಯ ಟೊಪ್ಪಿಗೆ ಬಂತು. ಮೊದಲಾಗಿದ್ದರೆ ಪ್ರೀತಿಯಿಂದ ಕಳಿಸಿದ್ದಾರೆ ಎನ್ನುತ್ತಿದ್ದೆ. ಈಗ ಅದನ್ನು ತಿರುವಿ ತಿರುವಿ ನೋಡಿದೆ, ಸಾವ್ಕಾರರ ಮಗನ ಟೊಪ್ಪಿಗೆಯಂತೆಯೇ ಕಂಡಿತು. ಆಮೇಲೆ ವೈನಿ ಬಂದು ದಾರ ಹಿಡಿದು ಹುಡುಗನ ಕಾಲಿನ ಅಳತೆ ತೆಗೆದುಕೊಂಡರು. "ಬೂಟು ಒಂದು ಬೆರಳು ದೊಡ್ಡವೇ ಇರ್ಲಿ, ಮುಂದಿನ ವರ್ಷಕ್ಕೂ ಆಗ್ತಾವ" ಎಂದರು. ಮುಂದಿನ ವರ್ಷ! ಯಾರ ಮನೆಯಲ್ಲಿ ಹಾಕಿಕೊಂಡು ಓಡಾಡಲಿಕ್ಕೆ? ಪೇಟೆಯಲ್ಲಿ ಅಣ್ಣ ಭೇಟಿಯಾದಾಗ, "ನಮ್ಮ ಹುಡುಗ ಹ್ಯಾಂಗದಾನೊ?" ಎಂದು ಕೇಳಿದರು. ಹುಟ್ಟಿದಾಗಿನಿಂದ ಅವರು ಹಾಗೇ ಕೇಳುತ್ತಿದ್ದರು. ಆದರೂ 'ನಮ್ಮ' ಎಂಬ ಮಾತು ಕೇಳಿದ್ದೇ ತಡ, ಗಿರಾಕಿ ಕಾಯುತ್ತಿದ್ದಾರೆಂದು ಸುಳ್ಳು ಹೇಳಿ ಜಾರಿಕೊಂಡೆ.

ಧರ್ಮವಾದರೂ ಕೈ ಹಿಡಿದೀತೆಂದು ಮಠಕ್ಕೆ ಹೋಗಿ ಅಯ್ಯನವರ ಎದುರು ಕೂತೆ. ಹೆಸರು ಹೇಳದೆ, "ಒಬ್ಬ ಗೃಹಸ್ಥ ಇದ್ದಾನ್ರಿ, ಬಾಯಿತಪ್ಪಿ ಮಗನ್ನ ಕೊಟ್ಟೆ ಅಂದುಬಿಟ್ಟಾನ, ಈಗ ಅವ ಏನ ಮಾಡಬೇಕ್ರಿ?" ಎಂದು ಕೇಳಿದೆ.

ಅಯ್ಯನವರು ಕಣ್ಣು ಮುಚ್ಚಿಕೊಂಡು, "ಮಗಾ ಯಾರಂವ? ಶಿವನಂವ. ಕೊಟ್ಟಾಂವ ಯಾರು? ಶಿವಾ. ತಗೊಂಡಾಂವ ಯಾರು? ಅವನೂ ಶಿವಾ. ನಡುವ ನಿಂತು ಆ ಗೃಹಸ್ಥ ಯಾಕ ಬೆವರಬೇಕು?" ಎಂದರು. ಆಮೇಲೆ ಒಂದು ಕಣ್ಣು ತೆರೆದು, "ಆ ಗೃಹಸ್ಥಂದೂ ಜವಳಿ ಅಂಗಡಿ ಐತೇನೋ ತಮ್ಮಾ?" ಎಂದು ಕೇಳಿದರು. ನಾನು ಕಾಲಿಗೆ ಬಿದ್ದು ಎದ್ದು ಬಂದೆ.

ಹೀಗೆ ಎಲ್ಲ ದಾರಿಗಳೂ ಮುಚ್ಚಿದವು. ಕಾಯ್ದೆ ನೋಡಿದರೆ ಮಗ ಅಪ್ಪನ ಸೊತ್ತು, ಕೊಟ್ಟರೆ ಮುಗಿಯಿತು ಎನ್ನುತ್ತದೆ. ಧರ್ಮ ನೋಡಿದರೆ ಅವನು ನಿನ್ನವನೇ ಅಲ್ಲ ಎನ್ನುತ್ತದೆ. ಮನೆತನದ ನಡಾವಳಿಯಲ್ಲಿ ಹಿರಿಯ ಅಣ್ಣ ಕೇಳಿದ್ದಕ್ಕೆ ಇಲ್ಲ ಎನ್ನುವ ಪದ್ಧತಿಯೇ ಇಲ್ಲ. ಇಷ್ಟೆಲ್ಲದರ ನಡುವೆ ಮೂರು ತುಂಬದ ಒಂದು ಕೂಸು ನನ್ನ ರುಮಾಲನ್ನು ಬೆಕ್ಕಿಗೆ ಸುತ್ತುತ್ತ ಕೂತಿತ್ತು. ಅವನಿಲ್ಲದ ಮನೆಯನ್ನು ನೆನೆಯಲು ಹೋಗಿ, ನೆನೆಯಲಾರದೆ, ಅಂಗಡಿಯಲ್ಲಿ ಬಟ್ಟೆ ಮಡಿಸುವಾಗ ಸುಮ್ಮನೆ ನಿಂತುಬಿಡುತ್ತಿದ್ದೆ. ನನ್ನ ಮೂರ್ಖತನಕ್ಕೆ ಒಂದು ಉಪಾಯವೂ ಹೊಳೆಯಿತು. ಯಾರಾದರೂ ಕೇಳಿದರೆ ಹುಡುಗನೇ ಸಾಕ್ಷಿ ಹೇಳಲೆಂದು ದಿನವೂ ಅವನಿಗೆ ಪಾಠ ಮಾಡತೊಡಗಿದೆ: "ನೀ ಯಾರ ಮಗಾ?" ಅವನು ತಡಮಾಡದೆ, "ಅವ್ವನ ಮಗಾ" ಎನ್ನುತ್ತಿದ್ದ. "ಅಲ್ಲೋ, ಅಪ್ಪನ ಹೆಸರು ಹೇಳು" ಎಂದರೆ, "ಅಪ್ಪನ ಹೆಸರು ಏನ್ರಿ" ಎನ್ನುತ್ತಿದ್ದ. ನೀಲವ್ವ ನನ್ನನ್ನು ಕರೆಯುವುದು ಹಾಗೆಯೇ ತಾನೇ?

ಇನ್ನೊಂದು ಬದಲಾವಣೆಯೂ ಆಗಿತ್ತು, ಆದರೆ ಆಗ ನನಗದು ತಿಳಿಯಲಿಲ್ಲ. ಮೊದಲು ಮಧ್ಯಾಹ್ನದ ಮೇಲೆ ಹುಡುಗನನ್ನು ನನ್ನ ಜೊತೆ ಅಂಗಡಿಗೆ ಕಳಿಸುತ್ತಿದ್ದ ನೀಲವ್ವ, ಜಾವಳದ ತರುವಾಯ ಕಳಿಸುವುದನ್ನು ಬಿಟ್ಟಿದ್ದಳು. ಬೋಳುತಲೆಗೆ ಬಿಸಿಲು ತಾಗೀತೆಂದು ಇರಬೇಕು ಎಂದುಕೊಂಡಿದ್ದೆ.

ಹಾಗಿರುವಾಗ ಅಣ್ಣನ ಅಂಗಡಿಯ ಆಳು ಬಂದು, "ಸಾವ್ಕಾರ್ರು ಸೋಮವಾರ ಬರ್ತಾರಂತರಿ, ಹುಡುಗನ ವಿಷಯ ಮಾತಾಡೂದೈತಂತ" ಎಂದು ಹೇಳಿ ಹೋದ. ನಾನು ಒಳಗೆ ಹೋಗಿ ನೀಲವ್ವನಿಗೆ, ಎಲ್ಲರೂ ಕೆಲವು ದಿನ ಮಾಲಗಾಂವದ ನಿನ್ನ ಚಿಕ್ಕವ್ವನ ಮನೆಗೆ ಹೋಗೋಣ ಎಂದೆ. "ಯಾಕ್ರಿ?" ಎಂದಳು. "ಹವಾ ಬದಲಿಗೆ" ಎಂದೆ. "ಮಾಲಗಾಂವದ ಹವಾ ನಮ್ಮ ಹಿತ್ತಲಕ್ಕೇ ಬರ್ತೈತಿ, ಸುಮ್ನ ಕುಂದ್ರಿ" ಎಂದಳು. ಮಾಲಗಾಂವ ಅಷ್ಟು ಹತ್ತಿರ ಇರಬಾರದಿತ್ತು.

ಸೋಮವಾರ ಬೆಳಿಗ್ಗೆ ಅಣ್ಣ ಟಾಂಗಾದಲ್ಲಿ ಒಬ್ಬರೇ ಬಂದರು. ವೈನಿ ಬರಲಿಲ್ಲ. ಬಂದು ಗಾದಿಯ ಮೇಲೆ ಕೂತದ್ದೇ ತಡ, ಮಲ್ಲು ಓಡಿಹೋಗಿ ಅವರ ತೊಡೆಯೇರಿ ಅವರ ಗಡಿಯಾರದ ಸರಪಳಿ ಹಿಡಿದ. ಅಣ್ಣ ಅವನ ಬೋಳುತಲೆಯನ್ನು ಸವರತೊಡಗಿದರು. ನಾನು ಎದುರಿಗೆ ಕೂತು ಬೆವರುತ್ತಿದ್ದೆ.

"ಶಂಕರಾ, ಅವತ್ತು ಜಾವಳದಾಗ ನೀ ಏನೋ ಅಂದಿ" ಎಂದು ಅಣ್ಣ ಶುರುಮಾಡಿದರು.

"ಅಣ್ಣಾ..." ಎಂದೆ.

"ಸಿಟ್ಟಿನಾಗ ಅಂದಿ. ಚ್ಯಾಷ್ಟಿ ಮಾತು ಅದು. ನಾ ಅದನ್ನ ಹಿಡಕೊಂಡು ಬಂದಿಲ್ಲ."

ನನ್ನ ಎದೆಯ ಮೇಲಿಂದ ಒಂದು ಗಿರಣಿಯ ಕಲ್ಲು ಇಳಿಯಿತು. ಎದ್ದು ಕುಣಿಯಬೇಕೆನ್ನಿಸಿತು. ಅಷ್ಟರಲ್ಲಿ ಅಣ್ಣ, "ಖರೇ ಕೇಳಾಕ ಬಂದೀನಿ" ಎಂದರು.

"ನನಗೂ ವಯಸ್ಸಾತು. ನಿಮ್ಮ ವೈನಿ ಅವತ್ತಿಂದ ಊಟಾ ಸರಿಯಾಗಿ ಮಾಡವಲ್ಲಳು, ಅದೊಂದs ಮಾತು ಹಿಡಕೊಂಡಾಳ. ಹೊಲಾ, ಮನಿ, ಅಂಗಡಿ ಎಲ್ಲಾ ಇವಗ ಬರ್ತಾವ. ಸಾಂಗ್ಲಿ ಏನ್ ದೂರ ಅಲ್ಲ, ನೀವು ಬೇಕಾದಾಗ ಬಂದು ನೋಡಬಹುದು. ನಿಮಗ ಇನ್ನೂ ವಯಸ್ಸೈತಿ, ಮಕ್ಕಳಾಗ್ತಾವ. ಮಲ್ಲೂನ ನನಗ ಕೊಡೋ." ಹೀಗೆ ಹೇಳಿ ಅಡಿಗೆಮನೆಯ ಬಾಗಿಲಿನ ಕಡೆಗೆ ತಿರುಗಿ, "ನೀಲವ್ವಾ, ನೀ ಏನಂತೀವಾ?" ಎಂದು ಕೇಳಿದರು.

ನೀಲವ್ವ ಬಾಗಿಲಲ್ಲಿ ಬಂದು ನಿಂತಳು. "ನನ್ನ ಯಾಕ ಕೇಳ್ತೀರಿ ಭಾವಾ? ತಾಯಿ ಹೂಂ ಅನ್ನೂದು ಕಾಯ್ದೆದಾಗ ಬೇಕಾಗಿಲ್ಲಂತ. ಪೂರ್ಣ ಅಧಿಕಾರ ಇವರದಂತ. ಇವರನ್ನ ಕೇಳ್ರಿ" ಎಂದಳು.

ಅವಳಿಗೆ ಗೊತ್ತಿತ್ತು! ನನ್ನ ಮುಖ ನೋಡಿ ಅವಳೇ ಹೇಳಿದಳು: "ವಕೀಲರ ಹೆಂಡ್ತಿ ಅವತ್ತs ಹೇಳ್ಯಾಳ. ಅವರು ನಿಮ್ಮ ಮಸ್ಕಿರಿ ಮಾಡ್ಯಾರಂತ. ಕೊಡಬೇಕಂತ ಮನಸ್ಸಿನಾಗ ಇದ್ರ ಮಾತ್ರ ಕೊಟ್ಟಂಗಂತ, ಬಾಯಿತಪ್ಪಿದ್ರ ಅಲ್ಲಂತ. ಮನಿಗೆ ಹೋಗಿ ಹೊಟ್ಟಿ ಹಿಡಕೊಂಡು ನಕ್ಕಾರಂತ." ಸ್ವಲ್ಪ ತಡೆದು, "ಇವತ್ತು ಯಾರೂ ಮಸ್ಕಿರಿ ಮಾಡವಲ್ಲರು. ಹೇಳ್ರಿ" ಎಂದಳು.

ಇಷ್ಟು ದಿನದ ನನ್ನ ಸಂಕಟಕ್ಕೆ ಕಾರಣ ಒಬ್ಬ ವಕೀಲನ ತಮಾಷೆ ಎಂದು ತಿಳಿದಾಗ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಏಕೆಂದರೆ ನಾನು ಆಗ ನೀಲವ್ವನ ಕೈಯನ್ನು ನೋಡಿದೆ. ಬಾಗಿಲ ಚೌಕಟ್ಟನ್ನು ಅವಳು, ಯಾರೋ ಕಿತ್ತುಕೊಂಡು ಹೋದಾರು ಎಂಬಂತೆ ಹಿಡಿದಿದ್ದಳು. ಅವಳು ನನಗೆ ಅಂಜಿದ್ದಳು. ಹುಡುಗನನ್ನು ನನ್ನ ಜೊತೆ ಅಂಗಡಿಗೆ ಕಳಿಸದೆ ಇದ್ದುದು ಬಿಸಿಲಿಗೆ ಅಂಜಿ ಅಲ್ಲ, ನನಗೆ ಅಂಜಿ. ಇವನು ಅಣ್ಣನ ಎದುರು ಬಾಯಿ ಬಿಡಲಾರದವನು, ಕೇಳಿದರೆ ಹೂಂ ಅಂದುಬಿಡುವವನು ಎಂದು ಅವಳು ಒಬ್ಬಳೇ ನುಂಗಿಕೊಂಡು ಕೂತಿದ್ದಳು. ಜೀವಮಾನದಲ್ಲಿ ಒಬ್ಬರಾದರೂ ನನಗೆ ಅಂಜಲಿ ಎಂದು ನಾನು ಎಷ್ಟೋ ಸಲ ಆಸೆಪಟ್ಟದ್ದುಂಟು. ಅದು ಇಷ್ಟು ಕೆಟ್ಟದ್ದಾಗಿರುತ್ತದೆ ಎಂದು ಗೊತ್ತಿರಲಿಲ್ಲ. ನನಗೆ ನಾಚಿಕೆಯಾಯಿತು, ದುಃಖವೂ ಆಯಿತು.

"ಇಲ್ಲ ಅಣ್ಣಾ" ಎಂದೆ. ಧ್ವನಿ ನನ್ನದೆನ್ನಿಸಲಿಲ್ಲ. ಎಲ್ಲೋ ಕಪಾಟಿನ ಸಂದಿಯಲ್ಲಿ ಸಿಕ್ಕಿಕೊಂಡ ಇಲಿಯದೆನ್ನಿಸಿತು. ಅವರಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಬೇಕಾಯಿತು. "ಕೊಡೂದಿಲ್ರಿ. ಸಿಟ್ಟಾಗಬ್ಯಾಡ್ರಿ. ನನ್ನ ಕೈಲೆ ಆಗೂದಿಲ್ಲ."

ಅಣ್ಣ ತಲೆ ತಗ್ಗಿಸಿದರು. ಅವರು ಬಯ್ಯಬಹುದು, ಎದ್ದು ಹೋಗಬಹುದು, ಇನ್ನು ಮುಂದೆ ಈ ಹೊಸ್ತಿಲು ತುಳಿಯುವುದಿಲ್ಲ ಎನ್ನಬಹುದು ಎಂದು ನಾನು ಎಲ್ಲದಕ್ಕೂ ಒಟ್ಟಿಗೇ ಅಂಜುತ್ತ ಕೂತೆ. ಅವರು ಬಹಳ ಮೆಲ್ಲಗೆ ಹೇಳಿದರು:

"ನನ್ನ ಕೊಟ್ಟ ದಿನ ನಾ ಅಪ್ಪನ ಬಾಯಿ ನೋಡಕೋತ ನಿಂತಿದ್ದೆ. ಈಗ ಇಲ್ಲ ಅಂತಾನ, ಈಗ ಇಲ್ಲ ಅಂತಾನ ಅಂತ. ದೊಡ್ಡಪ್ಪ ನನ್ನ ತೊಡಿ ಮ್ಯಾಲ ಕೂಡಿಸ್ಕೊಂಡ ಮ್ಯಾಲೂ ನೋಡಿದೆ. ಅಪ್ಪ ಅನಲಿಲ್ಲ. ಅವ್ವ ಒಳಗಿದ್ಳು, ಆಕೀನ ಯಾರೂ ಕೇಳಲಿಲ್ಲ." ಮಲ್ಲು ಎಳೆಯುತ್ತಿದ್ದ ಸರಪಳಿಯನ್ನು ಬಿಚ್ಚಿ ಅವನ ಕೈಗೇ ಕೊಟ್ಟರು. "ಅಪ್ಪ ಗಟ್ಟಿ ಮನಶಾ ಇದ್ದ. ನೀ ಸಣ್ಣಂವ ಇದ್ದಾಗಿಂದ ಅಂಜುಬುರುಕ. ನಿನ್ನಂಥಾಂವ ನನಗ ಅಪ್ಪ ಆಗಬೇಕಿತ್ತು ನೋಡು."

ನಾನು ಅತ್ತೆ. ಅಣ್ಣನ ಕಣ್ಣಲ್ಲೂ ನೀರಿತ್ತು. ನೀಲವ್ವ ಒಳಗೆ ಹೋಗಿ, ಬಹಳ ಹೊತ್ತಿನ ಮೇಲೆ ಮುಖ ತೊಳೆದುಕೊಂಡು, ಚಹಾ ತಂದಳು. ಆಗಿನ ಕಾಲಕ್ಕೆ ಚಹಾ ಎಂದರೆ ದೊಡ್ಡ ಸತ್ಕಾರ.

ಇಲ್ಲಿಗೆ ಮುಗಿಸಿದ್ದರೆ ನಾನು ನಿಮ್ಮ ಕಣ್ಣಲ್ಲಿ ಸ್ವಲ್ಪ ದೊಡ್ಡವನಾಗಿ ಉಳಿಯುತ್ತಿದ್ದೆ. ಆದರೆ ಅಣ್ಣ ಹೊರಡಲು ಎದ್ದಾಗ, ನಾನು ಹೊಸದಾಗಿ ಗೆದ್ದ ಅಪ್ಪನ ಗತ್ತಿನಿಂದ ಎರಡೂ ಕೈ ಚಾಚಿ, "ಬಾ ಮಗಾ, ಅಪ್ಪನ ಕಡೆ ಬಾ" ಎಂದೆ. ಮಲ್ಲು ಅಣ್ಣನ ಕೊರಳಿಗೆ ಇನ್ನೂ ಗಟ್ಟಿಯಾಗಿ ಜೋತುಬಿದ್ದು, "ವಲ್ಲೆ" ಎಂದ. ಕಾಯ್ದೆಯವರು, ಮಠದವರು, ಹಿರಿಯರು, ನಾವು ಎಲ್ಲರೂ ಮಾತಾಡಿದ್ದೆವು. ಆ ಪ್ರಾಣಿಯನ್ನು ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ಎಳೆಯಲು ಹೋದೆ. ಜಾವಳದ ದಿನದ ಬೊಬ್ಬೆ ಮತ್ತೆ ಶುರುವಾಯಿತು. ಅವನಿಗೆ ಗಡಿಯಾರ ಬೇಕು, ಟಾಂಗಾ ಬೇಕು, ದೊಡ್ಡಪ್ಪ ಬೇಕು.

ಮಗ ಎಲ್ಲಿಯೂ ಹೋಗುವುದಿಲ್ಲವೆಂಬುದು ಖಾತ್ರಿಯಾದ ಮೇಲೆ ನೀಲವ್ವನ ದನಿಗೆ ಹಳೆಯ ಕಸುವು ಬಂದಿತ್ತು. "ಹೋಗಿಬರ್ಲಿ ಬಿಡ್ರಿ. ವೈನಿನೂ ಒಂದೆರಡು ದಿನಾ ಆಡಿಸ್ಲಿ, ಪಾಪ. ನೀವೂ ಜೋಡಿ ಹೋಗ್ರಿ, ಅವಗ ರಾತ್ರಿ ಎದ್ದಾಗ ನೀರು ಬೇಕಾಗ್ತಾವ" ಎಂದು ಅವನ ಬಟ್ಟೆಯ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟಳು. ಅಂಗಡಿ ತೆರೆಯಬೇಕಲ್ಲ ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಬಾಡಿಗೆಯ ಟಾಂಗಾದಲ್ಲಿ ಹಿಂದೆ ಅಣ್ಣ, ಅವರ ತೊಡೆಯ ಮೇಲೆ ಜರಿಯ ಟೊಪ್ಪಿಗೆಯ ಮಲ್ಲು. ಮುಂದೆ ಟಾಂಗಾವಾಲಾನ ಮಗ್ಗುಲಿಗೆ ಅರ್ಧ ಒಳಗೆ, ಅರ್ಧ ಹೊರಗೆ ನಾನು, ತೊಡೆಯ ಮೇಲೆ ಗಂಟು. ಊರು ದಾಟಿದ ಮೇಲೆ ಟಾಂಗಾವಾಲಾ ಹೊರಳಿ ನೋಡಿ, "ಹುಡುಗ ನಿಮ್ಮಂವ ಏನ್ರಿ ಸಾವ್ಕಾರ? ಇವರು ಯಾರು?" ಎಂದು ಕೇಳಿದ.

"ಇವ ಹುಡುಗನ ಅಪ್ಪ" ಎಂದರು ಅಣ್ಣ. "ಹುಡುಗನ್ನ ಕೇಳಾಕ ಹೋಗಿದ್ದೆ, ಕೊಡಲಿಲ್ಲ. ಅಪ್ಪನ್ನ ತಗೊಂಡು ಹೊಂಟೀನಿ."

ಟಾಂಗಾವಾಲಾ ನನ್ನನ್ನು ಮೇಲಿನಿಂದ ಕೆಳಗಿನ ತನಕ ಒಮ್ಮೆ ನೋಡಿದ. ಸಾವ್ಕಾರರಂಥ ವ್ಯಾಪಾರಿಯೂ ಒಮ್ಮೊಮ್ಮೆ ಮೋಸ ಹೋಗುತ್ತಾರಲ್ಲ ಎನ್ನುವ ಹಾಗೆ ನಿಟ್ಟುಸಿರು ಬಿಟ್ಟು ಕುದುರೆಯನ್ನು ಜೋರಾಗಿ ಹೊಡೆದ.